ಮಳೆಗಾಲದಲ್ಲಿ ಹಾಸನದ ಮಾರುಕಟ್ಟೆಯಲ್ಲಿ ಬಂಗುಡೆ ಏಕೆ ದುಬಾರಿ? ಕೊಳ್ಳಬಹುದೇ?

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಬಂಗುಡೆ, ಬೂತಾಯಿ ಮೊಟ್ಟೆಯಿಡುವ ಕಾಲವದು. ಆಗ ಬಾಚಿದರೆ ಮುಂದಿನ ಹಂಗಾಮೇ ಬರಿದು. ಹಾಗಾಗಿ ಶಿರಾಡಿ ಘಾಟಿ ಹತ್ತಿ ಬರುವ ಸರಕು ಕಡಿಮೆ, ಬೆಲೆ ಜಾಸ್ತಿ. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೇ ಮುಗಿಯುವುದರಿಂದ ಆಮೇಲೆ ತಮಿಳುನಾಡಿನ ಮೀನು ಬರಬಹುದು.

ಕೊಳ್ಳಬಹುದು, ಆದರೆ ಐಸ್ ನೋಡಿ. ಬೆಚ್ಚಗಾದ ಬಂಗುಡೆಯಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಹುಟ್ಟುತ್ತದೆ; ಎಷ್ಟು ಕುದಿಸಿದರೂ ಅದು ಹೋಗದು, ತಿಂದವರಿಗೆ ಮುಖ ಕೆಂಪಾಗಿ ತುರಿಕೆ, ತಲೆನೋವು ಬರುತ್ತದೆ. ಕಿವಿರು ಕಂದಾಗಿದ್ದರೆ, ಒತ್ತಿದ ಬೆರಳಿನ ಗುಳಿ ಹಾಗೇ ಉಳಿದರೆ ಬೇಡ. ನನ್ನ ಸಲಹೆ: ಆ ಎರಡು ತಿಂಗಳು ಆಸುಪಾಸಿನ ಕೆರೆಗಳ ಕಾಟ್ಲಾ, ರೋಹು ಕೊಳ್ಳಿ.