ಟ್ರೇಡ್‌ಮಾರ್ಕ್ ಹುಡುಕಾಟದಲ್ಲಿ ನಮ್ಮ ಹೆಸರು ಸಿಗಲಿಲ್ಲ ಎಂದರೆ ಕವರ್ ಮುದ್ರಿಸಬಹುದೇ?

ಕೊಡಗಿನ ನಾಪೋಕ್ಲು ಹತ್ತಿರ ಮನೆಯಲ್ಲೇ ಹುರಿದು ಪುಡಿ ಮಾಡಿದ ಕಾಫಿ, ಜೇನು, ಕಾಚಂಪುಳಿ (ವಿನೆಗರ್‌ನಂಥ ಹುಳಿ ರಸ) ಮಾರುತ್ತೀರೆಂದು ಬರೆದಿದ್ದೀರಿ. ‘ಮಂಜು’ ಎಂಬ ಪದವಿರುವ ಹೆಸರನ್ನು ಸರ್ಕಾರದ ಟ್ರೇಡ್‌ಮಾರ್ಕ್ ಜಾಲತಾಣದಲ್ಲಿ ಹಾಕಿ ನೋಡಿದಾಗ ಏನೂ ಬರಲಿಲ್ಲ, ಇನ್ನು ಕವರ್ ಮುದ್ರಿಸಬಹುದೇ, ವಕೀಲರು ಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಮುದ್ರಿಸಬೇಡಿ.

ನಾನು ವಕೀಲಳಲ್ಲ. ಗೋಣಿಕೊಪ್ಪಲು ಕಡೆ ಸಣ್ಣ ಕಾಫಿ ಪುಡಿ ಘಟಕ ನಡೆಸುತ್ತೇನೆ. ನಮ್ಮ ಮೊದಲ ಹೆಸರು ತೋಟದೊಳಗಿನ ಒಂದು ಒರತೆಯ ಹೆಸರಾಗಿತ್ತು, ಮಾವನವರು ಇಟ್ಟದ್ದು. ಹುಡುಕಿ ಕೊಡುತ್ತೇವೆಂದು ಹಣ ಪಡೆದ ಸಲಹೆಗಾರರೊಬ್ಬರು “ಹೆಸರು ಖಾಲಿ ಇದೆ” ಎಂದರು. ಮೂರು ಸಾವಿರ ಕವರ್ ಮುದ್ರಿಸಿದೆವು. ಎಂಟು ತಿಂಗಳ ನಂತರ ಬೇರೆ ಜಿಲ್ಲೆಯ ವ್ಯಾಪಾರಿಯ ಕಡೆಯಿಂದ ವಕೀಲರ ನೋಟಿಸ್ ಬಂತು. ಅವರ ಹೆಸರಿನ ಇಂಗ್ಲಿಷ್ ಕಾಗುಣಿತ ಬೇರೆ, ಆದರೆ ಬಾಯಲ್ಲಿ ಹೇಳಿದರೆ ನಮ್ಮದೇ ಹೆಸರು. ಸಲಹೆಗಾರರು ನಮ್ಮ ಕಾಗುಣಿತವೊಂದನ್ನೇ ಹಾಕಿ ನೋಡಿದ್ದರು. ಉಳಿದ ಕವರ್‌ಗಳು ಇಂದಿಗೂ ಕಣದ ಪಕ್ಕದ ಗೋದಾಮಿನಲ್ಲಿವೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದು ಈಗ ನ್ಯಾಯವಾಗಿ ಇನ್ನೊಬ್ಬರದು. ಆ ಮಳೆಗಾಲ ಪೂರ್ತಿ, ಕಕ್ಕಡ ತಿಂಗಳಲ್ಲಿ ಕರೆಂಟ್ ಮತ್ತು ನೆಟ್‌ವರ್ಕ್ ಇದ್ದಷ್ಟು ಹೊತ್ತು, ಈ ಕಾನೂನನ್ನು ಅಂತರ್ಜಾಲದಲ್ಲೇ ಕುಳಿತು ಓದಿದೆ.

ಓದಿದ ಮೇಲೆ ಗೊತ್ತಾದದ್ದು ಇಷ್ಟು: ಕಾನೂನು ಎರಡು ಹೆಸರುಗಳನ್ನು ಪಕ್ಕಪಕ್ಕ ಇಟ್ಟು ಅಕ್ಷರ ಎಣಿಸುವುದಿಲ್ಲ. ಒಮ್ಮೆ ಕೊಂಡು ಹೋಗಿ, ತಿಂಗಳ ನಂತರ ಅರ್ಧಂಬರ್ಧ ನೆನಪಿನಲ್ಲಿ ಮತ್ತೆ ಅಂಗಡಿಗೆ ಬರುವ ಸಾಧಾರಣ ಗಿರಾಕಿಗೆ ಗೊಂದಲವಾಗುತ್ತದೆಯೇ ಎಂದು ಕೇಳುತ್ತದೆ. 1962ರಲ್ಲಿ ಸುಪ್ರೀಂ ಕೋರ್ಟ್ ‘ಅಮೃತಧಾರಾ’ ಮತ್ತು ‘ಲಕ್ಷ್ಮಣಧಾರಾ’ ಎಂಬ ಎರಡು ಔಷಧಿಗಳ ಪ್ರಕರಣದಲ್ಲಿ ಇದನ್ನೇ ಹೇಳಿತು. ಅಮೃತ ಬೇರೆ, ಲಕ್ಷ್ಮಣ ಬೇರೆ ಎಂದು ನಮಗೆ ಅನಿಸುತ್ತದೆ. ನ್ಯಾಯಾಲಯ ಹೆಸರನ್ನು ಇಡಿಯಾಗಿ ಕೇಳಿಸಿಕೊಂಡು, ಎರಡೂ ಮೋಸಗೊಳಿಸುವಷ್ಟು ಹತ್ತಿರವಿವೆ ಎಂದಿತು. ಮೊದಲಿನವರು ಬಹುಕಾಲ ಸುಮ್ಮನಿದ್ದರೆಂಬ ಕಾರಣಕ್ಕೆ ಮಾತ್ರ ಎರಡನೆಯವರಿಗೆ ಉತ್ತರ ಪ್ರದೇಶದ ಮಟ್ಟಿಗೆ ನೋಂದಣಿ ಉಳಿಯಿತು. ಈ ತೀರ್ಪು ‘ಇಂಡಿಯನ್ ಕಾನೂನ್’ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಹುಡುಕಾಟಕ್ಕೆ ಕೂರುವ ಮುನ್ನ ಇದೊಂದನ್ನು ಓದಿ. ಏನನ್ನು ಹುಡುಕಬೇಕೆಂಬುದು ಆಗ ತಾನಾಗಿ ಹೊಳೆಯುತ್ತದೆ.

ಈಗ ಹುಡುಕುವ ಕ್ರಮ. ಸರ್ಕಾರದ ಬೌದ್ಧಿಕ ಆಸ್ತಿ ಜಾಲತಾಣದ ಸಾರ್ವಜನಿಕ ಹುಡುಕಾಟದಲ್ಲಿ ಮೂರು ಬಾಗಿಲುಗಳಿವೆ: ಪದ, ಉಚ್ಚಾರಣೆ, ಚಿತ್ರ. ಪದದ ಹುಡುಕಾಟದಲ್ಲಿ ನೀವು ಬಹುಶಃ ‘ಈ ಪದದಿಂದ ಆರಂಭವಾಗುವ’ ಎಂಬ ಆಯ್ಕೆಯಲ್ಲೇ ನಿಂತಿದ್ದೀರಿ. ‘ಈ ಪದವನ್ನು ಒಳಗೊಂಡ’ ಎಂದು ಬದಲಿಸಿ, ನಿಮ್ಮ ಪೂರ್ತಿ ಹೆಸರನ್ನು ಹಾಕದೆ ಅದರ ಜೀವವಾಗಿರುವ ತುಂಡನ್ನು ಮಾತ್ರ ಹಾಕಿ. ‘ಮಂಜು’ ಇಂಗ್ಲಿಷ್ ಅಕ್ಷರಗಳಲ್ಲಿ ಕೊನೆಗೆ ಯು ಇದ್ದೂ ಬರುತ್ತದೆ, ಇಲ್ಲದೆಯೂ ಬರುತ್ತದೆ, ಎರಡು ಓ ಆಗಿಯೂ ಬರುತ್ತದೆ. ಎಲ್ಲವನ್ನೂ ಹಾಕಿ ನೋಡಿ. ಆಮೇಲೆ ಉಚ್ಚಾರಣೆಯ ಬಾಗಿಲಿಗೆ ಹೋಗಿ. ಅಷ್ಟಕ್ಕೂ ಮುಗಿಯಲಿಲ್ಲ. ಮಂಜು ಎಂದರೆ ಇಂಗ್ಲಿಷಿನಲ್ಲಿ ಮಿಸ್ಟ್, ಫಾಗ್. ಅರ್ಥ ಒಂದೇ ಆದರೂ ಆಕ್ಷೇಪ ಬರಬಹುದು, ಆದ್ದರಿಂದ ಆ ಪದಗಳನ್ನೂ ಹುಡುಕಬೇಕು. ಬೆಟ್ಟ, ಕಾಡು, ಮಂಜು, ಮಳೆ ಈ ನಾಲ್ಕರ ಸುತ್ತಲೇ ನಮ್ಮ ಜಿಲ್ಲೆಯ ಎಷ್ಟೊಂದು ಪೊಟ್ಟಣಗಳ ಹೆಸರುಗಳು ಸುತ್ತುತ್ತವೆ ಎಂಬುದನ್ನು ಮಡಿಕೇರಿಯ ಯಾವುದೇ ಸಾಂಬಾರ ಪದಾರ್ಥದ ಅಂಗಡಿಯ ಮುಂದೆ ನಿಂತರೆ ಕಾಣಬಹುದು.

ಕೊಡವ ಪದಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕನ್ನಡ ಲಿಪಿಯಲ್ಲಿ ಅರ್ಜಿ ಹಾಕಿದರೂ ಅದರ ಉಚ್ಚಾರಣೆ ಮತ್ತು ಅರ್ಥವನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಕೊಡಬೇಕು, ಹುಡುಕಾಟ ನಡೆಯುವುದೂ ಹೆಚ್ಚಾಗಿ ಇಂಗ್ಲಿಷ್ ಅಕ್ಷರಗಳಲ್ಲೇ. ‘ಳ’ಕಾರಕ್ಕೆ ಆ ಲಿಪಿಯಲ್ಲಿ ಅಕ್ಷರವೇ ಇಲ್ಲ. ‘ಕೈಲ್‌ಪೊಳ್ದ್’ ಎಂಬ ಹಬ್ಬದ ಹೆಸರನ್ನೇ ನಮ್ಮವರು ಎಷ್ಟು ಬಗೆಯಲ್ಲಿ ಬರೆಯುತ್ತಾರೆಂದು ಆಮಂತ್ರಣ ಪತ್ರಿಕೆಗಳಲ್ಲಿ ನೋಡಿರುತ್ತೀರಿ. ಯಂತ್ರದ ಉಚ್ಚಾರಣೆ ಹುಡುಕಾಟ ನಮ್ಮ ನಾಲಿಗೆಯನ್ನು ಅರಿಯದು. ಒಂದು ಹಾಳೆಯಲ್ಲಿ ಸಾಧ್ಯವಿರುವ ಕಾಗುಣಿತಗಳನ್ನೆಲ್ಲ ಮೊದಲು ಬರೆದುಕೊಂಡು ಒಂದೊಂದಾಗಿ ಹಾಕಿ. ನನ್ನ ಎರಡನೆಯ ಹೆಸರಿಗೆ ಹದಿನೇಳು ಆದವು.

ಲೇಬಲ್‌ನಲ್ಲಿ ಚಿತ್ರವಿದ್ದರೆ ಅದಕ್ಕೂ ಹುಡುಕಾಟವಿದೆ. ‘ವಿಯೆನ್ನಾ ವರ್ಗೀಕರಣ’ ಎಂಬ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಗಿಡಮರಗಳಿಗೆ 5, ಬೆಟ್ಟ ಮುಂತಾದ ಭೂದೃಶ್ಯಗಳಿಗೆ 6, ಆಯುಧಗಳಿಗೆ 23. ಪೀಚೆಕತ್ತಿಯ ಚಿತ್ರ ಹಾಕುವ ಆಸೆಯಿದ್ದರೆ 23ರ ಒಳಗೆ ನೋಡಿ.

ಹುಡುಕಾಟದ ಪುಟ ಪ್ರತಿ ಬಾರಿಯೂ ‘ಕ್ಲಾಸ್’ ಕೇಳುತ್ತದೆ. ಸರಕು, ಸೇವೆಗಳನ್ನು ಒಟ್ಟು 45 ವರ್ಗಗಳಾಗಿ ವಿಂಗಡಿಸಿದ್ದಾರೆ, ಮೊದಲ 34 ಸರಕುಗಳಿಗೆ, ಉಳಿದ 11 ಸೇವೆಗಳಿಗೆ. ನಿಮ್ಮ ಅದೃಷ್ಟಕ್ಕೆ ಕಾಫಿ, ಜೇನು, ಕರಿಮೆಣಸು ಎಲ್ಲವೂ 30ರಲ್ಲೇ ಬರುತ್ತವೆ. ವಿನೆಗರ್ ಕೂಡ ಅದೇ ವರ್ಗವಾದ್ದರಿಂದ ಕಾಚಂಪುಳಿಗೂ ಅದೇ ಸರಿ. ಮುಂದೆ ಉಪ್ಪಿನಕಾಯಿ, ಜಾಮ್ ಮಾಡುವುದಾದರೆ 29, ಕಿತ್ತಳೆಯನ್ನು ಹಣ್ಣಾಗಿಯೇ ಮಾರಿದರೆ 31, ಹೋಂಸ್ಟೇಗೆ 43. ಒಬ್ಬ ವ್ಯಕ್ತಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ. ದೊಡ್ಡ ಕಂಪನಿಗಳಿಗೆ 9,000. ಅರ್ಜಿ ಒಂದೇ ವರ್ಗಕ್ಕೆ ಹಾಕಿದರೂ ಹುಡುಕಾಟವನ್ನು ಅಕ್ಕಪಕ್ಕದ ವರ್ಗಗಳಲ್ಲೂ ಮಾಡಿ. ಅದಕ್ಕೆ ಹಣವಿಲ್ಲ.

ವರ್ಗ ಒಂದೇ ಆದಾಕ್ಷಣ ದಾರಿ ಮುಚ್ಚಿತೆಂದೂ ಅಲ್ಲ. ನಮ್ಮ ರಾಜ್ಯದ್ದೇ ಪ್ರಕರಣವೊಂದಿದೆ. ಹಾಲು ಒಕ್ಕೂಟದ ‘ನಂದಿನಿ’ 1985ರಿಂದ ಬಳಕೆಯಲ್ಲಿತ್ತು, ‘ನಂದಿನಿ ಡಿಲಕ್ಸ್’ ಎಂಬ ಹೋಟೆಲಿನವರು 1989ರಿಂದ ಆ ಹೆಸರು ಬಳಸುತ್ತಿದ್ದರು. ಹೋಟೆಲಿನವರ ಅರ್ಜಿಗೆ ಒಕ್ಕೂಟ ಆಕ್ಷೇಪಿಸಿತು. ಸುಪ್ರೀಂ ಕೋರ್ಟ್ 2018ರ ಜುಲೈನಲ್ಲಿ, ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಬಿಟ್ಟು ಉಳಿದ ಸರಕುಗಳಿಗೆ ಹೋಟೆಲಿನವರು ನೋಂದಣಿ ಪಡೆಯಬಹುದೆಂದಿತು. ಒಂದು ವರ್ಗದಲ್ಲಿ ಯಾವುದೋ ಸರಕಿಗೆ ನೋಂದಣಿ ಇದ್ದ ಮಾತ್ರಕ್ಕೆ ಆ ವರ್ಗದ ಎಲ್ಲ ಸರಕುಗಳ ಮೇಲೂ ಏಕಸ್ವಾಮ್ಯ ಬರುವುದಿಲ್ಲ ಎಂಬುದು ಅದರ ತಿರುಳು. ಆದರೆ ಅದಕ್ಕಾಗಿ ಅವರು ಸುಪ್ರೀಂ ಕೋರ್ಟ್‌ವರೆಗೆ ಹೋಗಬೇಕಾಯಿತು. ಮನೆಯಲ್ಲಿ ಕಾಫಿ ಹುರಿಯುವ ನಮಗೆ ಆ ಹಾದಿ ಬೇಡ, ಹೆಸರು ಬದಲಿಸುವುದೇ ಮೇಲು.

ಹುಡುಕಿದಾಗ ಹತ್ತಿರದ ಹೆಸರು ಸಿಕ್ಕಿತೆನ್ನಿ. ಅಲ್ಲಿಗೇ ಬಿಡಬೇಡಿ, ಅರ್ಜಿ ಸಂಖ್ಯೆ ಹಾಕಿ ಅದರ ಸ್ಥಿತಿ ನೋಡಿ. ನೋಂದಣಿಯಾಗಿದೆಯೇ, ಆಕ್ಷೇಪದಲ್ಲಿದೆಯೇ, ಕೈಬಿಡಲಾಗಿದೆಯೇ ಎಂಬುದು ಅಲ್ಲಿರುತ್ತದೆ. ಅದಕ್ಕಿಂತ ಬೆಲೆಬಾಳುವುದು ಅಲ್ಲೇ ಜೋಡಿಸಿರುವ ಕಾಗದಗಳು. ಪರಿಶೀಲನಾಧಿಕಾರಿ ಎತ್ತಿದ ಆಕ್ಷೇಪವೇನು, ಅರ್ಜಿದಾರರು ಕೊಟ್ಟ ಉತ್ತರವೇನು ಎಲ್ಲವನ್ನೂ ಯಾರು ಬೇಕಾದರೂ ಓದಬಹುದು. ಕಾಫಿಗೆ ಸಂಬಂಧಿಸಿದ ಇಂಥ ನಲವತ್ತರಷ್ಟು ವರದಿಗಳನ್ನು ನಾನು ಓದಿದೆ. ಯಾವ ಪುಸ್ತಕಕ್ಕಿಂತಲೂ ಹೆಚ್ಚು ಕಲಿಸಿದವು ಅವೇ.

‘ಕೂರ್ಗ್’ ಅಥವಾ ‘ಕೊಡಗು’ ಎಂಬ ಪದದ ಮೇಲೆ ಭಾರ ಹಾಕಬೇಡಿ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಸರಕು ಎಲ್ಲಿಂದ ಬಂತೆಂದು ಮಾತ್ರ ಹೇಳುವ ಪದ ಒಬ್ಬರ ಸೊತ್ತಾಗಲಾರದು. ಅದು ಹಾಗೆಯೇ ಇರಬೇಕು, ಊರಿನ ಹೆಸರು ಊರಿನ ಎಲ್ಲರದು. ಇದರ ಜೊತೆ ಭೌಗೋಳಿಕ ಸೂಚಿಕೆಯ (ಒಂದು ಪ್ರದೇಶದ ವಿಶಿಷ್ಟ ಸರಕಿಗೆ ಸಿಗುವ ಜಿಐ ಮಾನ್ಯತೆ) ನೋಂದಣಿ ಪುಸ್ತಕವನ್ನೂ ನೋಡಬೇಕು, ಅದು ಬೇರೆಯೇ ಕಾಯ್ದೆ, ಬೇರೆಯೇ ಪುಟ. ‘ಕೂರ್ಗ್ ಅರೇಬಿಕಾ ಕಾಫಿ’ಗೆ 2019ರಲ್ಲಿ ಆ ಮಾನ್ಯತೆ ಸಿಕ್ಕಿದೆ. ಅದು ಅರೇಬಿಕಾಕ್ಕೆ ಮಾತ್ರ. ರೊಬಸ್ಟಾ ಹಾಕಿ, ಚಿಕೋರಿ ಬೆರೆಸಿ, ಮೇಲೆ ಆ ಹೆಸರು ಅಚ್ಚು ಹಾಕುವುದು ಕಾನೂನಿಗೂ ವಿರುದ್ಧ, ಅರೇಬಿಕಾ ಬೆಳೆದವರಿಗೂ ಅನ್ಯಾಯ. ನೀವು ನಿಜವಾಗಿಯೂ ಅರೇಬಿಕಾ ಬೆಳೆಗಾರರಾದರೆ ‘ಅಧಿಕೃತ ಬಳಕೆದಾರ’ರಾಗಿ ಪ್ರತ್ಯೇಕ ಅರ್ಜಿ ಹಾಕಿಕೊಳ್ಳಬಹುದು.

ಪ್ರಶ್ನೆಯ ಕೊನೆಯಲ್ಲಿ, ಮಂಜು ಆಗದಿದ್ದರೆ ಮನೆಹೆಸರನ್ನೇ ಇಡುತ್ತೇವೆ ಎಂದಿದ್ದೀರಿ. ಇದು ನನಗೆ ಮುಖ್ಯವೆನಿಸುವ ವಿಷಯ. ಮನೆಹೆಸರು ಇಡೀ ಒಕ್ಕದ್ದು, ಅಂದರೆ ಒಂದೇ ಮೂಲದ ಕುಟುಂಬದವರೆಲ್ಲರದು. ನೀವು ನೋಂದಾಯಿಸಿಕೊಂಡರೂ ಅದೇ ಒಕ್ಕದ ಇನ್ನೊಬ್ಬರು ತಮ್ಮ ಸ್ವಂತ ಹೆಸರನ್ನು ಪ್ರಾಮಾಣಿಕವಾಗಿ ಬಳಸುವುದನ್ನು ತಡೆಯಲು ಟ್ರೇಡ್‌ಮಾರ್ಕ್ ಕಾಯ್ದೆಯ 35ನೇ ಸೆಕ್ಷನ್ ಬಿಡುವುದಿಲ್ಲ. ಕಾನೂನಿನ ಮಾತು ಹಾಗಿರಲಿ, ಐನ್‌ಮನೆಯಲ್ಲಿ (ಒಕ್ಕದ ಮೂಲಮನೆ) ಎಲ್ಲರೂ ಸೇರಿದಾಗ ಹಿರಿಯರ ಮುಂದೆ ವಿಷಯ ಇಟ್ಟು ಒಪ್ಪಿಗೆ ಪಡೆಯದೆ ಆ ಹೆಸರಿಗೆ ಅರ್ಜಿ ಹಾಕಬೇಡಿ. ಒಕ್ಕದ ಹಲವರು ಕಾಫಿ ಮಾರುವವರಾದರೆ, ಸಂಘ ಮಾಡಿಕೊಂಡು ಅದರ ಹೆಸರಿನಲ್ಲಿ, ಸದಸ್ಯರೆಲ್ಲರೂ ಬಳಸಬಹುದಾದ ‘ಸಾಮೂಹಿಕ ಗುರುತು’ ಪಡೆಯುವ ಅವಕಾಶವೂ ಇದೆ.

ನೋಂದಣಿ ಪುಸ್ತಕದಲ್ಲಿ ಇಲ್ಲದವರಿಗೂ ಹಕ್ಕಿರುತ್ತದೆ. ಮೊದಲು ಬಳಸಿದವನನ್ನು 34ನೇ ಸೆಕ್ಷನ್ ಕಾಯುತ್ತದೆ. ತಿರುನಲ್ವೇಲಿಯ ‘ಇರುಟ್ಟುಕಡೈ ಹಲ್ವಾ’ ಪ್ರಕರಣದಲ್ಲಿ, ನೋಂದಣಿ ಮಾಡಿಸಿಕೊಂಡವರಿಗಿಂತ ಮೊದಲಿನಿಂದ ಬಳಸುತ್ತಿದ್ದ ಅಂಗಡಿಯವರ ಹಕ್ಕೇ ದೊಡ್ಡದೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. ಆದ್ದರಿಂದ ಗೂಗಲ್, ಇನ್‌ಸ್ಟಾಗ್ರಾಂ, ಅಮೆಜಾನ್, ನಕ್ಷೆಯಲ್ಲಿನ ಅಂಗಡಿಗಳು, ಕಂಪನಿ ಹೆಸರುಗಳ ಸರ್ಕಾರಿ ಪಟ್ಟಿ, ಜಾಲತಾಣದ ವಿಳಾಸಗಳು, ಇಷ್ಟನ್ನೂ ನೋಡಿ. ಕುಶಾಲನಗರದ ಸಂತೆಯಲ್ಲಿ ಅದೇ ಹೆಸರಿನಲ್ಲಿ ಹತ್ತು ವರ್ಷದಿಂದ ಜೇನು ಮಾರುವವರು ಯಾವ ಪಟ್ಟಿಯಲ್ಲೂ ಇರಲಿಕ್ಕಿಲ್ಲ, ಕಾಲ್ನಡಿಗೆಯಲ್ಲೂ ಹುಡುಕಬೇಕು. ಇದೇ ಸೆಕ್ಷನ್ ನಾಳೆ ನಿಮ್ಮನ್ನೂ ಕಾಯಬೇಕಾದರೆ ಮೊದಲ ಬಿಲ್, ಮೊದಲ ಲೇಬಲ್, ಕೊರಿಯರ್ ರಸೀದಿಗಳನ್ನು ಜೋಪಾನವಾಗಿಡಿ. ಮೊದಲಿನಿಂದ ಬಳಸುತ್ತಿದ್ದೇವೆಂದು ಅರ್ಜಿಯಲ್ಲಿ ಬರೆದರೆ ಅಫಿಡವಿಟ್ (ಪ್ರಮಾಣ ಮಾಡಿದ ಹೇಳಿಕೆ) ಜೊತೆ ಪುರಾವೆ ಕೊಡಬೇಕಾಗುತ್ತದೆ.

ಒಂದು ಎಚ್ಚರಿಕೆ. ಕೃತಕ ಬುದ್ಧಿಮತ್ತೆಯ ಸಾಧನವೊಂದನ್ನು ಕೇಳಿದಾಗ ಅದು ನನಗೆ ಕಾಫಿ ಹೆಸರಿನ ತೀರ್ಪೊಂದನ್ನು ವರ್ಷ, ಪಕ್ಷಗಾರರ ಸಮೇತ ಹೇಳಿತು. ಎಲ್ಲಿ ಹುಡುಕಿದರೂ ಅಂಥ ತೀರ್ಪು ಸಿಗಲಿಲ್ಲ. ಮೂಲ ತೀರ್ಪನ್ನು ನಿಮ್ಮ ಕಣ್ಣಿನಿಂದ ಓದುವವರೆಗೆ ಯಾವುದನ್ನೂ ನಂಬಬೇಡಿ.

ವಕೀಲರ ಬಗ್ಗೆ ಕೇಳಿದಿರಿ. ಹುಡುಕಾಟ ನೀವೇ ಮಾಡಿ. ನಿಮ್ಮ ಹೆಸರನ್ನು ಜನ ಹೇಗೆಲ್ಲ ಉಚ್ಚರಿಸುತ್ತಾರೆಂಬುದು ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಕಾಗುಣಿತಗಳನ್ನು ಬರೆದುಕೊಂಡ ಆ ಹಾಳೆ ಹಿಡಿದು ಒಮ್ಮೆ ವಕೀಲರ ಬಳಿ ಹೋಗಿ, ಕೆಲಸ ಅರ್ಧ ಮುಗಿದಿರುತ್ತದೆ. ಪರಿಶೀಲನಾ ವರದಿಯಲ್ಲಿ ಆಕ್ಷೇಪ ಬಂದರೆ ಉತ್ತರಕ್ಕೆ ಇರುವುದು ಒಂದೇ ತಿಂಗಳು, ಆಗಂತೂ ಅವರ ನೆರವು ಬೇಕೇ ಬೇಕು. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ, ಆದರೆ ಆನ್‌ಲೈನ್ ಇರುವುದರಿಂದ ಅರ್ಜಿ ಹಾಕಲು ಬಸ್ ಹತ್ತಬೇಕಿಲ್ಲ. ಹಾಕಿದ ದಿನದಿಂದ ಹೆಸರಿನ ಪಕ್ಕ ‘ಟಿಎಂ’ ಎಂದು ಬರೆಯಬಹುದು. ವೃತ್ತದೊಳಗಿನ ‘ಆರ್’ ಚಿಹ್ನೆ ನೋಂದಣಿ ಆದ ಮೇಲೆ ಮಾತ್ರ, ಅದಕ್ಕೂ ಮೊದಲು ಹಾಕುವುದು ಕಾನೂನಿಗೆ ವಿರುದ್ಧ. ನೋಂದಣಿ ಹತ್ತು ವರ್ಷಕ್ಕೆ, ಆಮೇಲೆ ನವೀಕರಣ.

ಅರ್ಜಿ ಹಾಕಿದ ನಂತರವೂ ಹುಡುಕಾಟ ನಿಲ್ಲಿಸಬೇಡಿ. ಅಂಗೀಕಾರವಾದ ಹೆಸರುಗಳನ್ನು ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರತಿ ಸೋಮವಾರ ಪ್ರಕಟಿಸುತ್ತಾರೆ, ವಿರೋಧಿಸಲು ನಾಲ್ಕು ತಿಂಗಳ ಕಾಲಾವಕಾಶವಿರುತ್ತದೆ. ಸೋಮವಾರ ರಾತ್ರಿ ಊಟವಾದ ಮೇಲೆ ನಾನು 30ನೇ ವರ್ಗದ ಪುಟಗಳನ್ನು ತಿರುವಿ ಹಾಕುತ್ತೇನೆ. ನಿಮ್ಮ ಹೆಸರಿನ ಕಾಗುಣಿತಗಳ ಪಟ್ಟಿಯನ್ನು ಇಲ್ಲೇ ಕೆಳಗೆ ಬರೆದರೆ, ಬರುವ ಸೋಮವಾರದಿಂದ ಅದನ್ನೂ ಜೊತೆಗೆ ನೋಡುತ್ತೇನೆ.