ಎಕ್ಸ್‌ಟರ್ನಲ್ ಡಿಸ್ಕ್ ಖಾಲಿ ಕಾಣುತ್ತಿದೆ. ಹಿಡನ್ ಫೈಲ್ ಹುಡುಕುವುದಾ, ಫಾರ್ಮ್ಯಾಟ್ ಮಾಡುವುದಾ?

ಹೊರಗೆ ಪ್ರಿಂಟ್ ಹಾಕಿಸಲು ಕೊಂಡುಹೋದ ಡಿಸ್ಕನ್ನು ಮನೆಯ ಡೆಸ್ಕ್‌ಟಾಪಿಗೆ ಹಾಕಿದರೆ ಖಾಲಿ, "ಶೋ ಹಿಡನ್ ಫೈಲ್ಸ್ ಕೊಟ್ಟರೂ ಏನೂ ಇಲ್ಲ", ಗೆಳೆಯ ಫಾರ್ಮ್ಯಾಟ್ ಮಾಡು ಅನ್ನುತ್ತಿದ್ದಾನೆ, ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ಯಾವುದು ಒಳ್ಳೆಯದು ಅನ್ನುವ ಪ್ರಶ್ನೆಯೇ ಇಲ್ಲಿ ಬರುವುದಿಲ್ಲ. ಆ ಗೆಳೆಯನಿಗೆ ಒಂದು ಚಾ ಕುಡಿಸಿ ಮನೆಗೆ ಕಳಿಸಿ. 2012ರಲ್ಲಿ ಆ ಗೆಳೆಯ ನಾನೇ ಆಗಿದ್ದೆ.

ಆಗ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನದೊಂದು ಡಿಟಿಪಿ ಅಂಗಡಿ, ಅಂದರೆ ಟೈಪ್ ಮಾಡಿ ಪುಟ ವಿನ್ಯಾಸ ಮಾಡಿಕೊಡುವ ಅಂಗಡಿ ಇತ್ತು. ಮಹಡಿ ಮೇಲೆ ಒಂದೇ ಕೋಣೆ, ಎರಡು ಡೆಸ್ಕ್‌ಟಾಪ್, ಎರಡರಲ್ಲೂ ವಿಂಡೋಸ್ ಎಕ್ಸ್‌ಪಿ. ಮದುವೆ ಕಾಗದ, ಯಕ್ಷಗಾನದ ಕರಪತ್ರ, ಪಂಚಾಯತಿಗೆ ಕೊಡುವ ಅರ್ಜಿ, ಇಂಥದ್ದೇ ಕೆಲಸ. ನಮ್ಮ ಕಾಸರಗೋಡಿನಲ್ಲಿ ಎಷ್ಟೋ ಕಾಗದ ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ ಆಗಬೇಕು. ಹಾಗಾಗಿ ಒಂದು ಕೆಲಸಕ್ಕೆ ಎರಡು ಸಲ ಬೈಗುಳ. ಜನವರಿ ದಾಟಿತೆಂದರೆ ಮೇ ತನಕ ಬ್ರಹ್ಮಕಲಶದ, ಅಂದರೆ ದೇವಸ್ಥಾನದ ಪುನಃಪ್ರತಿಷ್ಠೆಯ ಉತ್ಸವದ, ಸೀಸನ್. ದೇವಸ್ಥಾನಕ್ಕೊಂದು ಆಮಂತ್ರಣ, ರಶೀದಿ ಪುಸ್ತಕ, ಸಮಿತಿಯ ಕೈಯಲ್ಲಿ ನಾಲ್ಕು ಕಾಸಿದ್ದರೆ ಒಂದು ಸ್ಮರಣ ಸಂಚಿಕೆ.

ಆ ವರ್ಷ ಒಂದು ದೇವಸ್ಥಾನದ ಸ್ಮರಣ ಸಂಚಿಕೆ ನನಗೆ ಸಿಕ್ಕಿತು. ಸಂಪಾದಕರು ನಿವೃತ್ತ ಕನ್ನಡ ಮಾಷ್ಟ್ರು. ಬೇರೆಯವರು ಟೈಪ್ ಮಾಡಿದರೆ ಒತ್ತಕ್ಷರ ತಪ್ಪುತ್ತದೆ ಅಂತ ಅವರೇ "ನುಡಿ" ತಂತ್ರಾಂಶದಲ್ಲಿ ಒಂದು ಬೆರಳಿನಿಂದ ಕುಟ್ಟಿ ಕುಟ್ಟಿ ಟೈಪ್ ಮಾಡಿದ್ದರು. ಹದಿನಾಲ್ಕು ಲೇಖನ, ಹಳೆಯ ಫೋಟೊಗಳ ಸ್ಕ್ಯಾನ್, ದಾನಿಗಳ ಪಟ್ಟಿ. ಎಲ್ಲ ಒಂದು ನಾಲ್ಕು ಜಿಬಿ ಪೆನ್ ಡ್ರೈವ್‌ನಲ್ಲಿ. ಅದು ಕಳೆದುಹೋಗಬಾರದೆಂದು ಕೈಗೆ ಕಟ್ಟುವ ಕೆಂಪು ನೂಲು ಕಟ್ಟಿ ಇಟ್ಟಿದ್ದರು. "ಎಲ್ಲ ಇದರಲ್ಲೇ ಉಂಟು" ಅಂತ ಮೇಜಿನ ಮೇಲಿಟ್ಟು, ಪೇಟೆಯಲ್ಲಿ ಬೇರೆ ಕೆಲಸ ಮುಗಿಸಿ ಬರುತ್ತೇನೆ ಅಂತ ಇಳಿದು ಹೋದರು.

"ಇದರಲ್ಲೇ" ಅನ್ನುವ ಆ ಶಬ್ದದ ಅರ್ಥ ನನಗೆ ಆಮೇಲೆ ಗೊತ್ತಾಯಿತು. ಅವರು ಮನೆಯ ಕಂಪ್ಯೂಟರಿನಲ್ಲಿ ಒಂದನ್ನೂ ಸೇವ್ ಮಾಡುತ್ತಿರಲಿಲ್ಲ. ಪೆನ್ ಡ್ರೈವ್‌ನಿಂದಲೇ ತೆರೆಯುವುದು, ಅದರಲ್ಲೇ ಸೇವ್ ಮಾಡುವುದು.

ಡ್ರೈವ್ ತೆರೆದೆ. ಮೂರು ಫೋಲ್ಡರ್, ಮೂರರ ಮೂಲೆಯಲ್ಲೂ ಸಣ್ಣ ಬಾಣದ ಗುರುತು. ಸೈಜ್ ನೋಡಿದರೆ ಒಂದೊಂದೂ ಒಂದು ಕೆಬಿ. ಶಾರ್ಟ್‌ಕಟ್ ವೈರಸ್! ಆ ಕಾಲದಲ್ಲಿ ಡಿಟಿಪಿ ಅಂಗಡಿ, ಸೈಬರ್ ಕೆಫೆ, ಸ್ಟುಡಿಯೊ ಎಲ್ಲ ಕಡೆ ಇದರದ್ದೇ ಕಾಟ. ಅದು ನಿಮ್ಮ ಅಸಲಿ ಫೋಲ್ಡರನ್ನು ಅಡಗಿಸುತ್ತದೆ, ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ನೀವು ಅದನ್ನು ಒತ್ತಿದರೆ ಮೊದಲು ವೈರಸ್ ಓಡುತ್ತದೆ, ಆಮೇಲೆ ನಿಮ್ಮ ಫೋಲ್ಡರ್ ತೆರೆಯುತ್ತದೆ. ಹಾಗಾಗಿ ಯಾರಿಗೂ ಸಂಶಯ ಬರುವುದಿಲ್ಲ.

ಇಷ್ಟು ನನಗೆ ಗೊತ್ತಿತ್ತು. ಇಷ್ಟೇ ಗೊತ್ತಿದ್ದದ್ದೇ ತೊಂದರೆ. ಏನೂ ಗೊತ್ತಿಲ್ಲದವನಾಗಿದ್ದರೆ ಯಾರನ್ನಾದರೂ ಕೇಳುತ್ತಿದ್ದೆ.

ಶಾರ್ಟ್‌ಕಟ್ ಮೂರನ್ನೂ ಡಿಲೀಟ್ ಮಾಡಿದೆ. ಆಂಟಿವೈರಸ್ ಓಡಿಸಿದೆ. ಡ್ರೈವ್ ಈಗ ಪೂರಾ ಬಿಳಿ. ಟೂಲ್ಸ್, ಫೋಲ್ಡರ್ ಆಪ್ಷನ್ಸ್, ವ್ಯೂ, ಶೋ ಹಿಡನ್ ಫೈಲ್ಸ್ ಆ್ಯಂಡ್ ಫೋಲ್ಡರ್ಸ್, ಓಕೆ. ಆದರೂ ಬಿಳಿ. ನಿಮಗೂ ಇದೇ ಆಗಿದೆ, ಅಲ್ವಾ?

ಈಗ ನನ್ನ ತಪ್ಪಿಗೆ ಬರುತ್ತೇನೆ. ಉದ್ದ ಆಗುತ್ತದೆ, ಓದಿ.

ಆ ಪಟ್ಟಿಯಲ್ಲಿ ಸ್ವಲ್ಪ ಕೆಳಗೆ ಇನ್ನೊಂದು ಸಾಲಿದೆ. "ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್". ಅದಕ್ಕೆ ಮೊದಲೇ ಟಿಕ್ ಬಿದ್ದಿರುತ್ತದೆ. ವಿಂಡೋಸ್‌ನಲ್ಲಿ ಒಂದು ಫೈಲಿಗೆ ಹಿಡನ್ ಅನ್ನುವ ಗುರುತು ಬೇರೆ, ಸಿಸ್ಟಮ್ ಅನ್ನುವ ಗುರುತು ಬೇರೆ. ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದಿಂದಲೂ ಹೀಗೇ. ಬರೀ ಹಿಡನ್ ಇದ್ದರೆ ಮೇಲಿನ ಆಪ್ಷನ್ ಸಾಕು. ಎರಡೂ ಗುರುತು ಒಟ್ಟಿಗೆ ಇದ್ದರೆ ವಿಂಡೋಸ್ ಅದನ್ನು ತನ್ನದೇ ಫೈಲ್ ಎಂದು ನಂಬುತ್ತದೆ. ಕೆಳಗಿನ ಟಿಕ್ ತೆಗೆಯುವ ತನಕ, ನೀವು ಮೇಲೆ ಎಷ್ಟು ಸಲ ಶೋ ಕೊಟ್ಟರೂ, ತೋರಿಸುವುದಿಲ್ಲ. ವೈರಸ್ ಬರೆದವನಿಗೆ ಇದು ಚೆನ್ನಾಗಿ ಗೊತ್ತಿತ್ತು. ನಮ್ಮಂಥ ಅರ್ಧ ಗೊತ್ತಿದ್ದವರಿಗಾಗಿಯೇ ಎರಡೂ ಗುರುತು ಹಾಕಿಟ್ಟಿದ್ದ.

ಆ ಸಾಲು ನನ್ನ ಕಣ್ಣಿಗೆ ಬೀಳಲಿಲ್ಲ ಅಂದುಕೊಳ್ಳಬೇಡಿ. ಬಿತ್ತು. ಟಿಕ್ ತೆಗೆಯಲೂ ಹೋದೆ. ತಕ್ಷಣ ಒಂದು ಹಳದಿ ತ್ರಿಕೋನದ ಎಚ್ಚರಿಕೆ ಬಂತು. ಇವು ವಿಂಡೋಸ್ ನಡೆಸುವ ಫೈಲುಗಳು, ಅಳಿಸಿದರೆ ಅಥವಾ ತಿದ್ದಿದರೆ ಕಂಪ್ಯೂಟರ್ ಕೆಲಸ ಮಾಡದೆ ಹೋಗಬಹುದು, ನಿಜವಾಗಿಯೂ ನೋಡಬೇಕಾ ಅಂತ. ಹೆದರಿದೆ. ಸೀಸನ್ ಮಧ್ಯೆ ಕಂಪ್ಯೂಟರ್ ಹಾಳಾದರೆ ಗತಿ ಏನು? "ನೋ" ಒತ್ತಿದೆ.

ಐದು ನಿಮಿಷ ಬಿಟ್ಟು ಅದೇ ಪೆನ್ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಫಾರ್ಮ್ಯಾಟ್ ಕೊಟ್ಟೆ. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಅಂತ ಅಲ್ಲೂ ಎಚ್ಚರಿಕೆ ಬಂತು. "ಓಕೆ" ಒತ್ತಿದೆ. ಬರೀ ನೋಡುವುದಕ್ಕೆ ಹೆದರಿದವನು ಅಳಿಸುವುದಕ್ಕೆ ಹೆದರಲಿಲ್ಲ. ಇಷ್ಟು ವರ್ಷ ಆದರೂ ಆ ಎರಡು ಎಚ್ಚರಿಕೆಯ ಚೌಕಗಳು ನನಗೆ ಒಂದರ ಪಕ್ಕ ಒಂದು ಕಾಣುತ್ತವೆ.

ಇನ್ನೂ ಇದೆ. ಆ ರೈಟ್ ಕ್ಲಿಕ್ ಮೆನುವಿನಲ್ಲಿ ಫಾರ್ಮ್ಯಾಟ್‌ನಿಂದ ನಾಲ್ಕಾರು ಸಾಲು ಕೆಳಗೆ ಪ್ರಾಪರ್ಟೀಸ್ ಇರುತ್ತದೆ. ಅದನ್ನು ಒತ್ತಿದ್ದರೆ ಒಂದು ಚಕ್ರ ಬರುತ್ತಿತ್ತು. ಎಕ್ಸ್‌ಪಿಯಲ್ಲಿ ತುಂಬಿದ ಜಾಗ ನೀಲಿ, ಖಾಲಿ ಜಾಗ ಗುಲಾಬಿ. ನಿಜವಾಗಿ ಖಾಲಿಯಾಗಿದ್ದರೆ ಚಕ್ರ ಪೂರಾ ಗುಲಾಬಿ ಇರಬೇಕಿತ್ತು. ಮಾಷ್ಟ್ರ ಫೋಟೊಗಳೇ ಒಂದು ಜಿಬಿಗಿಂತ ಜಾಸ್ತಿ ಇದ್ದವು. ಕಾಲು ಭಾಗ ನೀಲಿ ಕಾಣುತ್ತಿತ್ತು, ಕೈ ನಿಲ್ಲುತ್ತಿತ್ತು. ಒಂದು ಕ್ಲಿಕ್, ಮಾರಾಯ್ರೆ. ಗ್ಯಾಸ್ ಮುಗಿಯಿತಾ ಅಂತ ಸಿಲಿಂಡರ್ ಎತ್ತಿ ನೋಡುತ್ತೇವಲ್ಲ, ಅಷ್ಟೂ ಮಾಡಲಿಲ್ಲ.

ಫಾರ್ಮ್ಯಾಟ್ ಅಲ್ಲಿಗೇ ನಿಂತಿದ್ದರೂ ಬಚಾವಾಗುತ್ತಿದ್ದೆ. ಕ್ವಿಕ್ ಫಾರ್ಮ್ಯಾಟ್ ಅಂದರೆ ಪುಸ್ತಕದ ಪರಿವಿಡಿ ಹರಿದ ಹಾಗೆ, ಪುಟಗಳು ಹಾಗೇ ಇರುತ್ತವೆ. ಆದರೆ ನಾನು ಬುದ್ಧಿವಂತ. ಡ್ರೈವ್ ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡಲು ಯಾರದ್ದೋ ಮದುವೆಯ ವಿಡಿಯೊ ಎರಡು ಜಿಬಿಯಷ್ಟು ಅದಕ್ಕೆ ತುಂಬಿಸಿ ನೋಡಿದೆ. ಮಾಷ್ಟ್ರ ಲೇಖನಗಳ ಮೇಲೆ ಯಾರದ್ದೋ ದಿಬ್ಬಣ ಹೋಯಿತು.

ಮಾಷ್ಟ್ರು ಬಂದರು. "ನಿಮ್ಮ ಪೆನ್ ಡ್ರೈವ್ ಖಾಲಿ ಇತ್ತು, ಕ್ಲೀನ್ ಮಾಡಿ ಇಟ್ಟಿದ್ದೇನೆ" ಅಂದೆ. ಹೆಮ್ಮೆಯಿಂದಲೇ. ಅವರು ಕೊಡೆ ಮಡಚುತ್ತಿದ್ದರು, ಮಡಚುವುದನ್ನು ನಿಲ್ಲಿಸಿದರು. "ಖಾಲಿ ಹೇಗಾದೀತು? ಬೆಳಿಗ್ಗೆ ಓದಿ ಬಂದಿದ್ದೇನೆ."

ಕೈಬರಹದ ಪ್ರತಿ ಇರಬಹುದಲ್ಲ ಅಂತ ಕೇಳಿದೆ. ಟೈಪ್ ಆಯಿತಲ್ಲ ಅಂತ ಮನೆಯವರು ಆ ಕಾಗದವನ್ನೆಲ್ಲ ಬಚ್ಚಲಿನ ಒಲೆಗೆ ಹಾಕಿದ್ದರಂತೆ.

ಮಂಗಳೂರಿನಲ್ಲಿ ಅಳಿದ ಡೇಟಾ ವಾಪಸ್ ತೆಗೆದುಕೊಡುವವರೊಬ್ಬರ ಹತ್ತಿರ ಹೋದೆ. ಫೋಟೊ ಅರ್ಧಕ್ಕಿಂತ ಜಾಸ್ತಿ ಬಂದವು, ಲೇಖನಗಳಲ್ಲಿ ಎರಡು ಮಾತ್ರ ಓದುವ ಹಾಗೆ ಬಂದವು. ಕಾರಣ ಆಮೇಲೆ ತಿಳಿಯಿತು. ಫೋಟೊಗಳನ್ನು ಒಂದೇ ಸಲ ಕಾಪಿ ಮಾಡಿದ್ದರು, ಹಾಗಾಗಿ ಒಂದೊಂದು ಫೈಲೂ ಸಾಲಾಗಿ ಒಂದೇ ಕಡೆ ಕೂತಿತ್ತು. ಲೇಖನಗಳನ್ನು ದಿನಾ ತೆರೆದು ತಿದ್ದಿ ಸೇವ್ ಮಾಡಿದ್ದರು. ತುಂಡು ತುಂಡಾಗಿ ಅಲ್ಲಲ್ಲಿ ಚದುರಿದ್ದವು. ಪರಿವಿಡಿ ಇಲ್ಲದೆ ಯಾವ ತುಂಡು ಯಾವುದರದ್ದು ಎಂದು ಹೇಳುವವರು ಯಾರು? ಉಳಿದದ್ದನ್ನು ಮಾಷ್ಟ್ರು ಮತ್ತೆ ಬರೆದರು, ನಾನು ಪುಕ್ಕಟೆ ಟೈಪ್ ಮಾಡಿದೆ. ದೇವಸ್ಥಾನದ ಹಳೆಯ ಕಥೆ ಹೇಳಿದ್ದ ಅಜ್ಜನೊಬ್ಬರ ಹತ್ತಿರ ಮತ್ತೆ ಹೋದರೆ, ಎರಡನೇ ಸಲ ಅವರು ಹೇಳಿದ ಕಥೆಯೇ ಬೇರೆ. ಅದೇ ಅಚ್ಚಾಯಿತು.

ಹೊಟ್ಟೆ ಉರಿಸಿದ್ದು ಇದೆಲ್ಲ ಅಲ್ಲ. ತಿಂಗಳು ಬಿಟ್ಟು ಶಾಲೆಯಲ್ಲಿ ಐಟಿ ನೋಡಿಕೊಳ್ಳುವ ಟೀಚರೊಬ್ಬರು ಅಂಗಡಿಗೆ ಬಂದಿದ್ದರು. ಕೇರಳದ ಸರಕಾರಿ ಶಾಲೆಗಳ ಕಂಪ್ಯೂಟರಿನಲ್ಲಿ ಇರುವುದು ವಿಂಡೋಸ್ ಅಲ್ಲ, ಲಿನಕ್ಸ್ ಅನ್ನುವ ಇನ್ನೊಂದು ಆಪರೇಟಿಂಗ್ ಸಿಸ್ಟಮ್, ಕನ್ನಡ ಮಾಧ್ಯಮವಾದರೂ ಅದೇ. ನನ್ನ ಕಥೆ ಕೇಳಿ ಅವರು, "ನಮ್ಮ ಲ್ಯಾಬಿಗೆ ತಂದು ಚುಚ್ಚಿದ್ದರೆ ಎಲ್ಲ ಕಾಣ್ತಿತ್ತಲ್ಲ" ಅಂದರು. ನಿಜ. ವಿಂಡೋಸ್ ಹಾಕಿದ ಹಿಡನ್ ಗುರುತಿಗೆ ಲಿನಕ್ಸ್ ಕ್ಯಾರೇ ಅನ್ನುವುದಿಲ್ಲ. ಅಲ್ಲಿ ಚುಕ್ಕಿಯಿಂದ ಶುರುವಾಗುವ ಹೆಸರು ಮಾತ್ರ ಅಡಗುತ್ತದೆ, ಅದೂ ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಹೊರಗೆ ಬರುತ್ತದೆ. ಆ ಶಾಲೆ ನನ್ನ ಅಂಗಡಿಯಿಂದ ಐದು ನಿಮಿಷ ನಡೆದರೆ ಸಿಗುತ್ತಿತ್ತು.

ಸರಿ, ನಿಮ್ಮ ಡಿಸ್ಕ್. ಮೊದಲು ಪ್ರಾಪರ್ಟೀಸ್. ಯೂಸ್ಡ್ ಸ್ಪೇಸ್ ಎಷ್ಟಿದೆ ನೋಡಿ. ಹತ್ತಾರು ಜಿಬಿ ತೋರಿಸಿದರೆ ಫೈಲುಗಳು ಇವೆ, ನಿಮ್ಮ ಗೆಳೆಯ ಹೇಳಿದ್ದು ತಪ್ಪು.

ಆಮೇಲೆ ಎರಡನೇ ಟಿಕ್. ವಿಂಡೋಸ್ 11 ಆದರೆ ಮೇಲಿನ ವ್ಯೂ, ಅದರೊಳಗೆ ಶೋ, ಅದರೊಳಗೆ ಹಿಡನ್ ಐಟಮ್ಸ್. ಇದು ನೀವು ಈಗಾಗಲೇ ಮಾಡಿದ್ದು, ಇದು ಅರ್ಧ ಕೆಲಸ. ಮೇಲೆ ಮೂರು ಚುಕ್ಕಿ ಇವೆಯಲ್ಲ, ಅಲ್ಲಿ ಆಪ್ಷನ್ಸ್, ವ್ಯೂ ಟ್ಯಾಬ್, ನಾನು ಹೇಳಿದ ಆ ಪ್ರೊಟೆಕ್ಟೆಡ್ ಸಾಲಿನ ಟಿಕ್ ತೆಗೆಯಿರಿ. ಹತ್ತರಲ್ಲಿ ವ್ಯೂ ಟ್ಯಾಬಿನ ಬಲಗಡೆಯೇ ಆಪ್ಷನ್ಸ್ ಇರುತ್ತದೆ. ಏಳರಲ್ಲಿ ಆರ್ಗನೈಸ್ ಒಳಗೆ. ಎಚ್ಚರಿಕೆ ಬರುತ್ತದೆ, "ಯೆಸ್" ಒತ್ತಿ. ನೋಡಿದರೆ ಏನೂ ಹಾಳಾಗುವುದಿಲ್ಲ.

ಈಗ ಮಸುಕು ಮಸುಕಾಗಿ ಫೋಲ್ಡರುಗಳು ಕಾಣಬೇಕು. ಹೆಸರೇ ಇಲ್ಲದ ಒಂದು ಫೋಲ್ಡರ್ ಕಂಡರೂ ಬಿಡಬೇಡಿ, ಕೆಲವು ವೈರಸ್ ಎಲ್ಲವನ್ನೂ ಅಂಥದ್ದರೊಳಗೆ ತುರುಕಿಡುತ್ತವೆ. ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್ ಅನ್ನುವುದು ವಿಂಡೋಸ್‌ನದ್ದು, ಮುಟ್ಟಬೇಡಿ. ಬಾಣದ ಗುರುತಿನವು, ಗುರುತು ಸಿಗದ ಸ್ಕ್ರಿಪ್ಟುಗಳು, ಯಾವುದನ್ನೂ ಡಬಲ್ ಕ್ಲಿಕ್ ಮಾಡಬೇಡಿ. ನಿಮ್ಮವನ್ನು ಮಾತ್ರ ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಇದು ಮುಗಿಯುವ ತನಕ ಬೇರೆ ಮಾತೇ ಬೇಡ.

ಗುರುತು ತೆಗೆಯಲು ಪ್ರಾಪರ್ಟೀಸ್‌ಗೆ ಹೋದರೆ ಹಿಡನ್ ಅನ್ನುವ ಟಿಕ್ ಮಸುಕಾಗಿ ಒತ್ತಲು ಬಾರದ ಹಾಗೆ ಇರುತ್ತದೆ. ಸಿಸ್ಟಮ್ ಗುರುತು ಇರುವುದೇ ಅದಕ್ಕೆ ಕಾರಣ. ಕಮಾಂಡ್ ಪ್ರಾಂಪ್ಟ್ (ಟೈಪ್ ಮಾಡಿ ಆಜ್ಞೆ ಕೊಡುವ ಕಪ್ಪು ಕಿಟಕಿ) ತೆರೆದು ಡಿಸ್ಕಿನ ಅಕ್ಷರ, ಪಕ್ಕದಲ್ಲಿ ಕೋಲನ್, ಎಂಟರ್. ಆಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಎಟಿಟಿಆರ್‌ಐಬಿ -ಎಚ್ -ಎಸ್ -ಆರ್ *.* /ಎಸ್ /ಡಿ ಅಂತ ಟೈಪ್ ಮಾಡಿ. ಎಚ್ (ಹಿಡನ್) ಮತ್ತು ಎಸ್ (ಸಿಸ್ಟಮ್) ಎರಡನ್ನೂ ಒಂದೇ ಸಲ ತೆಗೆಯಬೇಕು, ಬರೀ ಎಚ್ ಕೊಟ್ಟರೆ ಅದು ಒಪ್ಪುವುದಿಲ್ಲ. ಸಿ ಡ್ರೈವ್‌ನಲ್ಲಿ ಈ ಕಸರತ್ತು ಬೇಡವೇ ಬೇಡ.

ಕೆಲಸ ಆದ ಮೇಲೆ ಆ ಎರಡನೇ ಟಿಕ್ ವಾಪಸ್ ಹಾಕಿ. ಇಲ್ಲದಿದ್ದರೆ ಡೆಸ್ಕ್‌ಟಾಪ್ ಮೇಲೆ ಡೆಸ್ಕ್‌ಟಾಪ್ ಡಾಟ್ ಐಎನ್‌ಐ ಅಂತ ಎರಡು ಫೈಲ್ ಮೂಡುತ್ತವೆ, ಮನೆಯವರು ಅದನ್ನೂ ವೈರಸ್ ಅಂದುಕೊಂಡು ಡಿಲೀಟ್ ಮಾಡಲು ಕೂರುತ್ತಾರೆ. ಸಿ ಡ್ರೈವ್‌ನಲ್ಲಿ ಪೇಜ್‌ಫೈಲ್ ಅನ್ನುವ ವಿಂಡೋಸ್‌ನದ್ದೇ ಫೈಲ್ ಜಿಬಿಗಟ್ಟಲೆ ಜಾಗ ತಿನ್ನುವುದು ಕಂಡು ಕೆಲವರಿಗೆ ಕೈ ಕಡಿಯುತ್ತದೆ. ಅದು ಇರಬೇಕಾದದ್ದೇ.

ಎರಡನೇ ಟಿಕ್ ತೆಗೆದರೂ ಏನೂ ಕಾಣದಿದ್ದರೆ ಡಿಸ್ಕ್ ಕಿತ್ತುಕೊಂಡು ಲಿನಕ್ಸ್ ಇರುವ ಕಂಪ್ಯೂಟರ್ ಹುಡುಕಿ. ನಮ್ಮ ಕಡೆಯವರಾದರೆ ಹತ್ತಿರದ ಶಾಲೆಯ ಟೀಚರನ್ನು ಕೇಳಿ, ಬೈಯುವುದಿಲ್ಲ. ಅಷ್ಟರೊಳಗೆ ಆ ಡಿಸ್ಕಿಗೆ ಪರೀಕ್ಷೆಗೆಂದೂ ಒಂದು ಫೋಟೊ ಹಾಕಬೇಡಿ.