ಅಕ್ಷರ ಕೈಯಲ್ಲಿದೆ, ಪದ ಎಲ್ಲಿದೆ?

ಓದುಗರ ಪ್ರಶ್ನೆ, ನಮ್ಮ ಉತ್ತರ. ಇಂಗ್ಲಿಷ್ ಅಕ್ಷರಗಳನ್ನೂ ಇಲ್ಲಿ ಕನ್ನಡದಲ್ಲೇ ಅಚ್ಚು ಮಾಡಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವನ್ನೇ ಒತ್ತಿ.

ಪ್ರಶ್ನೆ: ಇಂಗ್ಲಿಷ್ ಪದಬಂಧ ಬಿಡಿಸುವಾಗ ‘ಎ, ಆರ್, ಟಿ ಇರುವ ಪದಗಳು’ ಎಂದು ಹುಡುಕಿದರೆ ಒಂದೊಂದು ಜಾಲತಾಣ ಒಂದೊಂದು ಪಟ್ಟಿ ಕೊಡುತ್ತದೆ. ಯಾವುದನ್ನು ನಂಬಲಿ? (ಮೈಸೂರಿನ ಓದುಗರು)

ಉತ್ತರ: ಎಲ್ಲ ಪಟ್ಟಿಯೂ ಸರಿಯಿರಬಹುದು. ತೊಡಕಿರುವುದು ‘ಇರುವ’ ಎಂಬಲ್ಲಿ. ‘ಪಾರ್ಟಿ’ಯಲ್ಲಿ ಈ ಮೂರೂ ಅಕ್ಷರ ಒಂದಕ್ಕೊಂದು ಅಂಟಿಕೊಂಡೇ ಇವೆ. ‘ಏರ್‌ಪೋರ್ಟ್’ನಲ್ಲಿ ಅದೇ ಕ್ರಮ, ಆದರೆ ನಡುನಡುವೆ ಬೇರೆ ಅಕ್ಷರ. ‘ಟ್ರೈನ್’ನಲ್ಲಿ ಮೂರೂ ಇವೆ, ಕ್ರಮ ಮಾತ್ರ ತಿರುಗುಮುರುಗು. ‘ರ‍್ಯಾಟ್’ನಲ್ಲಿ ಈ ಮೂರು ಬಿಟ್ಟರೆ ಬೇರೆ ಅಕ್ಷರವೇ ಇಲ್ಲ. ನಾಲ್ಕೂ ಬೇರೆಬೇರೆ ಹುಡುಕಾಟ. ನಿಮಗೆ ಬೇಕಾದದ್ದು ಯಾವುದೆಂದು ತೀರ್ಮಾನಿಸದೆ ಹುಡುಕಲು ಹೊರಟರೆ ನೂರಾರು ಪದ ಬಂದು ಬೀಳುತ್ತವೆ, ಒಂದೂ ಉಪಯೋಗಕ್ಕೆ ಬರುವುದಿಲ್ಲ.

ಒನ್‌ಲುಕ್ ಎಂಬ ನಿಘಂಟು ಶೋಧ ತಾಣದಲ್ಲಿ ನಾಲ್ಕನ್ನೂ ಕೇಳಬಹುದು. ಅಲ್ಲಿ ? ಎಂದರೆ ಯಾವುದಾದರೂ ಒಂದೇ ಅಕ್ಷರ, * ಎಂದರೆ ಎಷ್ಟಾದರೂ ಅಕ್ಷರ, ಒಂದೂ ಇಲ್ಲದಿದ್ದರೂ ಸರಿ. ಅಂಟಿಕೊಂಡಿರಬೇಕಾದರೆ *ಎಆರ್‌ಟಿ* ಎಂದು ಕೊಡಿ. ಕ್ರಮ ಉಳಿದು ನಡುವೆ ಸಂದು ಇರಬಹುದಾದರೆ *ಎ*ಆರ್*ಟಿ*. ಕ್ರಮವೇ ಬೇಡವೆಂದರೆ ಅಲ್ಪವಿರಾಮ ಹಾಕಿ ಮೂರು ಷರತ್ತು ಮಾಡಿ: *ಎ*,*ಆರ್*,*ಟಿ*. ಇಷ್ಟೇ ಅಕ್ಷರ, ಕ್ರಮ ಹೇಗಾದರೂ ಇರಲಿ ಎಂದರೆ ಎರಡೆರಡು ಓರೆಗೆರೆಗಳ ನಡುವೆ, //ಎಆರ್‌ಟಿ// ಎಂದು.

ಪದಬಂಧಕ್ಕೆ ಸಾಮಾನ್ಯವಾಗಿ ? ಒಂದೇ ಸಾಕು. ಆರು ಮನೆ, ಎರಡನೆಯದು ಎ, ಐದನೆಯದು ಇ ಆಗಿದ್ದರೆ ?ಎ??ಇ?. ಇಲ್ಲಿ * ಬಳಸಿದರೆ ಪದದ ಉದ್ದ ಕೈತಪ್ಪುತ್ತದೆ. ಒನ್‌ಲುಕ್ ಊರಿನ ಹೆಸರು, ಎರಡು ಪದದ ನುಡಿಗಟ್ಟು ಎಲ್ಲವನ್ನೂ ತಂದು ಸುರಿಯುತ್ತದೆ. ಪದಬಂಧಕ್ಕೆ ಅದು ಒಳ್ಳೆಯದೇ, ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ ಸ್ಕ್ರಾಬಲ್ ಆಟಕ್ಕೆ ಅಲ್ಲ.

ಪ್ರಶ್ನೆ: ಐದಕ್ಷರದ ಪದ ಊಹಿಸುವ ವರ್ಡಲ್ ಆಟದಲ್ಲಿ ಬೂದು ಬಣ್ಣ (ಪದದಲ್ಲಿ ಇಲ್ಲ ಎಂಬ ಗುರುತು) ಬಂದ ಅಕ್ಷರ ಬಿಟ್ಟು ಹುಡುಕಿದರೂ ಕೆಲವೊಮ್ಮೆ ಉತ್ತರ ಪಟ್ಟಿಯಲ್ಲೇ ಇರುವುದಿಲ್ಲ, ಏಕೆ? (ಶಿವಮೊಗ್ಗ)

ಉತ್ತರ: ಜೋಡಿ ಅಕ್ಷರದ ಪೆಟ್ಟು ಅದು. ಉತ್ತರ ‘ಅಬೈಡ್’, ನೀವು ಹಾಕಿದ್ದು ‘ಸ್ಪೀಡ್’ ಎಂದುಕೊಳ್ಳಿ. ಸ್ಪೀಡ್‌ನಲ್ಲಿ ಇ ಎರಡು, ಅಬೈಡ್‌ನಲ್ಲಿ ಕೊನೆಗೊಂದೇ. ಹಾಗಾಗಿ ಮೊದಲ ಇ ಹಳದಿ (ಪದದಲ್ಲಿದೆ, ಆದರೆ ಬೇರೆ ಮನೆಯಲ್ಲಿ), ಎರಡನೆಯದು ಬೂದು. ಆ ಬೂದು ‘ಇ ಇಲ್ಲ’ ಎನ್ನುತ್ತಿಲ್ಲ, ‘ಎರಡನೇ ಇ ಇಲ್ಲ’ ಎನ್ನುತ್ತಿದೆ ಅಷ್ಟೆ. ಒನ್‌ಲುಕ್‌ನಲ್ಲಿ ಮಾದರಿಯ ಕೊನೆಗೆ ಕಳೆಯುವ ಚಿಹ್ನೆ ಹಾಕಿ ಬೇಡದ ಅಕ್ಷರ ಬರೆಯಬಹುದು: ?????-ಎಸ್‌ಪಿ. ಅದರಲ್ಲಿ ಇ ಸೇರಿಸಿದಿರೋ, ಅಬೈಡ್ ಕೈಬಿಟ್ಟಂತೆಯೇ.

ಪ್ರಶ್ನೆ: ಏಳು ಅಕ್ಷರ ಕೊಟ್ಟು ಮಕ್ಕಳಿಂದ ಪದ ಮಾಡಿಸುತ್ತೇನೆ. ಮೂರಕ್ಷರದ ಪದ ದಾಟುವುದೇ ಇಲ್ಲ. ಕಂಪ್ಯೂಟರ್ ಬಳಸದೆ ದಾರಿ ಇದೆಯೇ? (ಶಿಕ್ಷಕಿ, ಹುಬ್ಬಳ್ಳಿ)

ಉತ್ತರ: ಇದೆ ಮೇಡಂ. ಏಳು ಬೇರೆಬೇರೆ ಅಕ್ಷರವನ್ನು 5,040 ರೀತಿ ಜೋಡಿಸಬಹುದು, ಒಂದೊಂದನ್ನೇ ಜೋಡಿಸಿ ನೋಡುತ್ತ ಕೂತರೆ ಪೀರಿಯಡ್ ಮುಗಿಯುತ್ತದೆ. ಅಕ್ಷರಗಳನ್ನು ಚೀಟಿಯಲ್ಲಿ ಬರೆದು ಗುಂಡಗೆ ಇಡಿಸಿ. ಸಾಲಾಗಿ ಇಟ್ಟರೆ ಕಣ್ಣು ಎಡದಿಂದ ಓದಿ ಅದೇ ಕ್ರಮಕ್ಕೆ ಕಚ್ಚಿಕೊಳ್ಳುತ್ತದೆ. ಆಮೇಲೆ ಪದದ ಬಾಲ ಹುಡುಕಲು ಹೇಳಿ: ಐಎನ್‌ಜಿ, ಇಆರ್, ಇಡಿ, ಎಸ್. ಬಾಲ ಪಕ್ಕಕ್ಕಿಟ್ಟರೆ ಉಳಿದ ಮೂರು ನಾಲ್ಕು ಅಕ್ಷರ ಬೇಗ ಹೊಂದಿಕೊಳ್ಳುತ್ತವೆ.

ಎ, ಇ, ಜಿ, ಐ, ಎನ್, ಆರ್, ಟಿ ತೆಗೆದುಕೊಳ್ಳಿ. ಐಎನ್‌ಜಿ ತೆಗೆದಿಟ್ಟರೆ ಉಳಿಯುವುದು ಎ, ಇ, ಆರ್, ಟಿ. ಅದರಿಂದ ‘ಟೇರ್’, ಬಾಲ ಸೇರಿದರೆ ‘ಟೇರಿಂಗ್’, ಏಳೂ ಅಕ್ಷರ ಮುಗಿಯಿತು. ‘ರೇಟ್’ ಕೂಡ ಅದೇ ನಾಲ್ಕರಿಂದ ಆಗುತ್ತದೆ, ಆದರೆ ಐಎನ್‌ಜಿ ಸೇರುವಾಗ ಕೊನೆಯ ಇ ಬಿದ್ದುಹೋಗುವುದರಿಂದ ‘ರೇಟಿಂಗ್’ ಆರೇ ಅಕ್ಷರ. ಮಕ್ಕಳು ಇ ಉಳಿಸಿ ಬರೆಯುವುದು ಇಲ್ಲೇ. ಬಾಲ ಬದಲಿಸಿ ಇಆರ್ ತೆಗೆದಿಟ್ಟರೆ ‘ಟ್ಯಾಂಗಿಯರ್’. ಬಾಲವೇ ಇಲ್ಲದ್ದಕ್ಕೆ ಜಿಆರ್‌ನಂಥ ಜೋಡಿಯನ್ನು ತಲೆಗೆ ಇಟ್ಟು ನೋಡಿ: ‘ಗ್ರಾನೈಟ್’. ಇಳಕಲ್ಲಿನ ಕಡೆಯ ಮಗುವಾದರೆ ಇದೇ ಮೊದಲು ಬಂದೀತು. ‘ಇನ್‌ಗ್ರೇಟ್’ ಅಂತೂ ದೊಡ್ಡವರಿಗೇ ಕಷ್ಟ.

ಪ್ರಶ್ನೆ: ಇಂಟರ್ನೆಟ್ ಇಲ್ಲದಾಗ ಎಕ್ಸೆಲ್‌ನಲ್ಲೇ ಹುಡುಕಬಹುದೇ? (ದಾವಣಗೆರೆ)

ಉತ್ತರ: ಪದಪಟ್ಟಿಯೊಂದು ಇದ್ದರೆ ಸಾಕು. ಒಂದು ಹಾಳೆಗೆ 10,48,576 ಸಾಲು ಹಿಡಿಯುತ್ತದೆ, ಜಾಗದ ಚಿಂತೆ ಇಲ್ಲ. ಪದಗಳು ಎ ಕಾಲಮ್‌ನಲ್ಲಿರಲಿ. ಪಕ್ಕದಲ್ಲಿ ಪ್ರತಿ ಅಕ್ಷರಕ್ಕೂ ಸರ್ಚ್ ಫಂಕ್ಷನ್ ಹಾಕಿ. ಅಕ್ಷರ ಸಿಕ್ಕರೆ ಅದರ ಸ್ಥಾನದ ಸಂಖ್ಯೆ ಬರುತ್ತದೆ, ಇಲ್ಲದಿದ್ದರೆ ಎರರ್. ಹಾಗಾಗಿ ಒಂದೊಂದನ್ನೂ ಐಎಸ್‌ನಂಬರ್ (ಸಂಖ್ಯೆ ಬಂದರೆ ಟ್ರೂ ಎನ್ನುವುದು) ಒಳಗಿಟ್ಟು, ಎಲ್ಲವನ್ನೂ ಆ್ಯಂಡ್ (ಎಲ್ಲವೂ ಟ್ರೂ ಆದರೆ ಮಾತ್ರ ಟ್ರೂ ಎನ್ನುವುದು) ಒಳಗೆ ಸೇರಿಸಿ, ಟ್ರೂ ಬಂದ ಸಾಲುಗಳನ್ನು ಫಿಲ್ಟರ್ ಮಾಡಿ. ಎರಡು ಎಲ್ ಇರುವ ಪದ ಬೇಕಾದರೆ ಸರ್ಚ್ ಸಾಲದು, ಒಂದು ಸಿಕ್ಕರೂ ಅದು ಹೂಂ ಅನ್ನುತ್ತದೆ. ಸಬ್‌ಸ್ಟಿಟ್ಯೂಟ್‌ನಿಂದ ಎಲ್‌ಗಳನ್ನು ಅಳಿಸಿ, ಮೊದಲಿನ ಉದ್ದದಿಂದ ಉಳಿದ ಉದ್ದ ಕಳೆಯಿರಿ. 2 ಅಥವಾ ಹೆಚ್ಚು ಬಂದರೆ ಸರಿ. ಸರ್ಚ್‌ಗೆ ದೊಡ್ಡಕ್ಷರ ಸಣ್ಣಕ್ಷರದ ಭೇದವಿಲ್ಲ, ಸಬ್‌ಸ್ಟಿಟ್ಯೂಟ್‌ಗೆ ಇದೆ. ಆದ್ದರಿಂದ ಎಲ್ಲವನ್ನೂ ಸಣ್ಣಕ್ಷರಕ್ಕೆ ತಿರುಗಿಸುವ ಲೋವರ್ ಮೊದಲೇ ಹಾಕಿಬಿಡಿ.

ಪಟ್ಟಿ ಎಲ್ಲಿಯದೆಂದು ನೋಡಿಕೊಳ್ಳಿ. ಮ್ಯಾಕ್ ಕಂಪ್ಯೂಟರಿನೊಳಗೇ ಇರುವ ಪದಪಟ್ಟಿ 1934ರ ವೆಬ್‌ಸ್ಟರ್ ನಿಘಂಟಿನಿಂದ ಬಂದದ್ದು. ಪದಗಳು ಸುಮಾರು 2,35,000 ಇದ್ದರೂ ಬಹುವಚನ ರೂಪಗಳು ಹೆಚ್ಚಾಗಿ ಇಲ್ಲ, ಈಚಿನ ಪದಗಳೂ ಇಲ್ಲ. ಸೂತ್ರ ಸರಿಯಿದ್ದೂ ಪದ ಬರಲಿಲ್ಲವೆಂದರೆ ಪಟ್ಟಿಯನ್ನೇ ಅನುಮಾನಿಸಿ.

ಪ್ರಶ್ನೆ: ಸ್ಕ್ರಾಬಲ್‌ನಲ್ಲಿ ಕ್ಯೂ ಬಂದು ಯು ಬಾರದಿದ್ದರೆ? (ಮಂಗಳೂರು)

ಉತ್ತರ: ‘ಕಿ’ ಎಂಬ ಎರಡಕ್ಷರದ ಪದ (ಕ್ಯೂ, ಐ) ಮೊದಲು ಕಲಿಯಿರಿ. ಆಮೇಲೆ ಕಾತ್, ಫಕೀರ್, ನಿಕಾಬ್, ಕನಾತ್ (ಬೀದರಿನ ಕರೇಜ್ ನೋಡಿದವರಿಗೆ ಈ ನೆಲದಡಿಯ ನೀರಿನ ಕಾಲುವೆ ಗೊತ್ತು). ಇವೆಲ್ಲ ಕ್ಯೂ ಇದ್ದು ಯು ಇಲ್ಲದವು. *ಕ್ಯೂ*-ಯು ಎಂದು ಹುಡುಕಿದರೆ ಸಿಗುತ್ತವೆ, ಜೊತೆಗೆ ಇರಾಕ್, ಕತಾರ್ ಬರುತ್ತವೆ. ಹೆಸರುಗಳಾದ್ದರಿಂದ ಅವು ಆಟಕ್ಕಿಲ್ಲ. ಆದರೆ ಈ ಹುಡುಕಾಟದಲ್ಲಿ ‘ಬುರ್ಖಾ’ ತಪ್ಪಿಹೋಗುತ್ತದೆ: ಅದರಲ್ಲಿ ಯು ಇದೆ, ಕ್ಯೂ ನಂತರ ಮಾತ್ರ ಇಲ್ಲ. *ಕ್ಯೂಎ* ಎಂದು ಇನ್ನೊಮ್ಮೆ ಹುಡುಕಿ. ಇನ್ನು ‘ಕಿ’ಯನ್ನು ಅಕ್ಷರಕ್ಕೆ ಮೂರು ಪಟ್ಟು ಕೊಡುವ ಮನೆಯ ಮೇಲೆ ಕ್ಯೂ ಬೀಳುವಂತೆ, ಅಡ್ಡಕ್ಕೂ ಉದ್ದಕ್ಕೂ ಪದವಾಗುವಂತೆ ಇಟ್ಟರೆ, ಕ್ಯೂ ಬೆಲೆ 10 ಅಂಕವಾದ್ದರಿಂದ, ಆ ಒಂದು ಅಕ್ಷರಕ್ಕೇ 60 ಅಂಕ.